ಜವರಪ್ಪನ ಪೈಪು, ಭಾವನ ಶಾಸ್ತ್ರ

ನಮ್ಮ ಭಾವ ವ್ಯಾಸರಾಜರು ಹುಟ್ಟಿದಾಗಿನಿಂದ ಒಂದು ಬೀಡಿಯನ್ನೂ ಸೇದಿದವರಲ್ಲ. ಯಾರಾದರೂ ಸೇದಿ ಬಂದು ಪಕ್ಕದಲ್ಲಿ ಕೂತರೆ ಎದ್ದು ಹೋಗಿ ಕಿಟಕಿ ತೆಗೆಯುವವರು. ಅಂಥವರ ಮನೆಯ ಮುಂದಿನ ಕೋಣೆಯಲ್ಲಿ, ಗಾಜಿನ ಬೀರುವಿನೊಳಗೆ, ಸತ್ತುಹೋದ ಬಿಳಿಯರ ತಂಬಾಕಿನ ಪೈಪುಗಳು ಸಾಲಾಗಿ ಮಲಗಿವೆ. ಸೇಲಂನ ಅಸ್ತಂಪಟ್ಟಿಯಲ್ಲಿ ಅವರ ಮನೆ ಎಲ್ಲಿ ಎಂದು ಕೇಳಿದರೆ ಆಟೋದವರು "ಅಂದ ಪೈಪ್ ಅಯ್ಯರ್ ವೀಡಾ" ಎನ್ನುತ್ತಾರೆ, ಆ ಪೈಪ್ ಅಯ್ಯರ್ ಮನೆಯಾ ಎಂದು. ನಾವು ಅಯ್ಯರಲ್ಲ, ಮಾಧ್ವರು, ಮನೆಮಾತು ಕನ್ನಡ ಎಂದು ಭಾವ ಮೊದಮೊದಲು ತಿದ್ದುತ್ತಿದ್ದರು. ಈಗ ಬಿಟ್ಟಿದ್ದಾರೆ.

ನಾನು ಹರಿಪ್ರಸಾದ್, ಅವರ ಹೆಂಡತಿ ಕಮಲಿನಿಯ ತಮ್ಮ. ನನ್ನ ಬಳಿ ಕಾರಿದೆ, ಭಾವನಿಗೆ ಕಾರು ಓಡಿಸಲು ಬರುವುದಿಲ್ಲ. ಪೈಪು ಸಂಶೋಧನೆಯಲ್ಲಿ ನನ್ನ ಪಾಲು ಅಷ್ಟೇ.

ನಿವೃತ್ತರಾಗುವ ಮೊದಲು ಭಾವ ಒಂದು ದೊಡ್ಡ ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿದ್ದರು. ಬಂದ ಸಾಮಾನನ್ನೆಲ್ಲ ತಿರುಗಿಸಿ ನೋಡಿ ಸರಿ ಅಥವಾ ತಿರಸ್ಕೃತ ಎಂದು ಮುದ್ರೆ ಒತ್ತುವುದೇ ಉದ್ಯೋಗ. ನಿವೃತ್ತಿಯ ಮರುವಾರ ಮುದ್ರೆ ಒತ್ತಲು ಏನೂ ಸಿಗದೆ ಮನೆಯವರ ಕಡೆ ತಿರುಗಿದರು. ಅಕ್ಕ ಮಾಡಿದ ಸಾರು ಒಂದೇ ವಾರದಲ್ಲಿ ಹಲವು ಸಲ ತಿರಸ್ಕೃತವಾಯಿತು. ಪುಣ್ಯಕ್ಕೆ ಆ ಹೊತ್ತಿಗೆ ಶೆವ್ವಾಪೇಟೆಯ ಹಳೆ ಸಾಮಾನಿನ ಅಂಗಡಿಯಲ್ಲಿ ಅವರಿಗೆ ಒಂದು ಪೈಪು ಸಿಕ್ಕಿತು. ಅಕ್ಕ ಇವತ್ತಿಗೂ ಆ ಅಂಗಡಿಯವನನ್ನು ನೆನೆದು ಕೈಮುಗಿಯುತ್ತಾಳೆ.

ಭಾವನ ಪ್ರಕಾರ ಪೈಪಿಗೂ ಗೋತ್ರ, ಪ್ರವರ ಇವೆ. ಬಟ್ಟಲಿನ ಬದಿಯಲ್ಲಿ ಒತ್ತಿದ ಅಕ್ಷರ ನೋಡಿದರೆ ಯಾವ ತಯಾರಕನ ಮನೆಯದು ಎಂದು ಗೊತ್ತಾಗುತ್ತದೆ. ಕತ್ತಿನಲ್ಲಿ ಬೆಳ್ಳಿಯ ಪಟ್ಟಿ ಇದ್ದರೆ ಅದರ ಮೇಲಿನ ಲಂಗರೋ ಚಿರತೆಯ ತಲೆಯೋ ಊರು ಹೇಳುತ್ತದೆ, ಪಕ್ಕದ ಪುಟ್ಟ ಅಕ್ಷರ ವರ್ಷ ಹೇಳುತ್ತದೆ. ಬಾಯಿಗಿಡುವ ತುದಿಯ ರಂಧ್ರ ದುಂಡಗಿದ್ದರೆ ಹಳೆಯದು, ಸೀಳಿನಂತಿದ್ದರೆ ಆಮೇಲಿನದು. ಇದೆಲ್ಲ ನಿಜವೇ; ಬೇಡವೆಂದರೂ ನಾನೂ ಕಲಿತಿದ್ದೇನೆ. ಆದರೆ ಭಾವ ಪೈಪು ಕೈಗೆತ್ತಿಕೊಂಡರೆ ಹೆಣ್ಣು ನೋಡಲು ಬಂದವರ ಹಾಗೆ ತಲೆಮಾರುಗಳನ್ನೆಲ್ಲ ವಿಚಾರಿಸದೆ ಕೆಳಗಿಡುವುದಿಲ್ಲ. ಇಂಥವರದೇ ಒಂದು ವಾಟ್ಸಾಪ್ ಗುಂಪೂ ಇದೆ. ಬೆಳಗಾದರೆ ಅದರಲ್ಲಿ ಒಬ್ಬ ಫೋಟೋ ಹಾಕುತ್ತಾನೆ, ಉಳಿದವರು ಸಂಜೆಯವರೆಗೆ ಜಗಳವಾಡುತ್ತಾರೆ.

ಇದರಲ್ಲಿ ಒಂದು ತೊಡಕಿತ್ತು. ನಮ್ಮ ಮನೆಗಳಲ್ಲಿ ಎಂಜಲು ಎಂದರೆ ಸಣ್ಣ ವಿಷಯವಲ್ಲ. ನೀರನ್ನು ಎತ್ತಿ ಕುಡಿಯಬೇಕು, ಲೋಟಕ್ಕೆ ತುಟಿ ತಾಗಬಾರದು. ಬಡಿಸುವ ಸೌಟು ಎಲೆಗೆ ತಾಗಿದರೆ ಅದು ಮತ್ತೆ ಪಾತ್ರೆಗೆ ಇಳಿಯುವಂತಿಲ್ಲ. ಪೈಪು ಎಂದರೆ ಊರಿನವರ ಎಂಜಲೇ ತಾನೆ, ಇದನ್ನು ದೇವರ ಮನೆಯ ಪಕ್ಕದ ಕೋಣೆಯಲ್ಲಿ ಹೇಗೆ ಇಡುತ್ತೀರಿ ಎಂದು ಅಕ್ಕ ಮೊದಲ ದಿನವೇ ಕೇಳಿದ್ದಳು. ಭಾವ ರಾತ್ರಿಯೆಲ್ಲ ಯೋಚಿಸಿ ಬೆಳಿಗ್ಗೆ ತೀರ್ಪು ಕೊಟ್ಟರು. ಬಾಯಿಗಿಟ್ಟವನು ಸತ್ತು ಬಹಳ ಕಾಲವಾಗಿದ್ದರೆ ಅದು ಎಂಜಲಲ್ಲ, ಪುರಾತತ್ತ್ವ. ಅಂಥದ್ದನ್ನು ತೊಳೆಯಲೇಬಾರದು, ತೊಳೆದರೆ ಚರಿತ್ರೆ ಹೋಗುತ್ತದೆ. ಈ ಶಾಸ್ತ್ರದ ಪ್ರಕಾರ ಎಷ್ಟೋ ಸಾಹೇಬರ ಜೊಲ್ಲು ಭಾವನ ಬೀರುವಿನಲ್ಲಿ ಭದ್ರವಾಗಿದೆ.

ಕಳೆದ ಆವಣಿ ತಿಂಗಳಲ್ಲಿ, ನಮ್ಮ ಶ್ರಾವಣದ ಹೊತ್ತಿಗೆ, ಭಾವನಿಗೆ ಪೂಜೆಗೆ ಕೂರಲು ಕಂಬಳಿ ಬೇಕಾಯಿತು. ಉಣ್ಣೆಗೆ ಮೈಲಿಗೆ ಇಲ್ಲ ಎನ್ನುವುದು ನಮ್ಮವರ ಹಳೆಯ ನಂಬಿಕೆ. ಕುರಿಯ ಜೊತೆ ಮಲಗಿ, ಕುರಿಯ ಮೈ ಕತ್ತರಿಸಿ, ಕೈಯಲ್ಲಿ ನೂತು ನೇಯ್ದು ಯಾರೇ ಕೊಟ್ಟರೂ ಕಂಬಳಿ ಮಡಿಯೇ. ಪಾಪಿರೆಡ್ಡಿಪಟ್ಟಿಯ ಆಚೆ, ಸೇರ್ವರಾಯನ್ ಬೆಟ್ಟದ ತಪ್ಪಲಿನಲ್ಲಿ, ಕನ್ನಡ ಮಾತಾಡುವ ಕುರಿಯವರ ಒಂದು ಊರಿದೆ. ಅಲ್ಲಿ ಅಂಕಮ್ಮ ಎನ್ನುವವರ ಮನೆಯಲ್ಲಿ ಒಳ್ಳೆಯ ಕಂಬಳಿ ಸಿಗುತ್ತದೆ ಎಂದು ಯಾರೋ ಹೇಳಿದರು. ನನ್ನ ಕಾರು ಹೊರಟಿತು.

ಅಂಕಮ್ಮ ಎಪ್ಪತ್ತು ದಾಟಿದ ಗಟ್ಟಿ ಹೆಂಗಸು. ಮಗ ಪ್ರಭು ಕುರಿ ನೋಡಿಕೊಳ್ಳುತ್ತಾನೆ, ಫೋನಿನಲ್ಲಿ ಯಾರ ಜೊತೆಗೋ ಸದಾ ತಮಿಳಿನಲ್ಲಿ ಮಾತಾಡುತ್ತಿರುತ್ತಾನೆ. ಕಂಬಳಿ ನೋಡಲು ಜಗಲಿಯಲ್ಲಿ ಕೂತ ಭಾವನ ಕಣ್ಣು ಕಂಬಳಿಯ ಮೇಲೆ ನಿಲ್ಲಲೇ ಇಲ್ಲ. ಒಳಗಿನ ಗೋಡೆಯ ಗೂಡಿನಲ್ಲಿ ಒಬ್ಬ ಮುದುಕನ ಫೋಟೋ ಇತ್ತು, ಅದರ ಮುಂದೆ ಒಂದು ಪೈಪು ಇತ್ತು. ಭಾವನ ಉಸಿರು ಬದಲಾದದ್ದು ನನಗೆ ಕೇಳಿಸಿತು.

ಫೋಟೋದಲ್ಲಿದ್ದವರು ಅಂಕಮ್ಮನ ಗಂಡ ಜವರಪ್ಪ, ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಹಿಂದೆ ಅವರು ಬೆಟ್ಟದ ಮೇಲಿನ ಏರ್ಕಾಡಿನ ಕಾಫಿ ತೋಟಗಳಲ್ಲಿ ಮಂದೆ ಹಾಕುತ್ತಿದ್ದರಂತೆ. ಗೊಬ್ಬರಕ್ಕೆಂದು ತೋಟದವರೇ ಕುರಿ ಕರೆಸಿ ರಾತ್ರಿ ನಿಲ್ಲಿಸಿಕೊಳ್ಳುತ್ತಿದ್ದರು. ಒಂದು ಸಲ ತೋಟದ ಹಳೆ ಬಂಗಲೆಯ ಅಟ್ಟ ಗುಡಿಸಿ ಕಸ ಹೊರಗೆ ಎಸೆದಾಗ ಅದರಲ್ಲಿ ಈ ಪೈಪು ಇತ್ತು. ಜವರಪ್ಪ ಎತ್ತಿಕೊಂಡರು. ಅವತ್ತಿನಿಂದ ಸಾಯುವವರೆಗೂ ಬೀಡಿ ಬಿಟ್ಟು ಇದರಲ್ಲೇ ಹೊಗೆಸೊಪ್ಪು ತುಂಬಿ ಸೇದಿದರು.

ಅಂಕಮ್ಮ ಪೈಪನ್ನು ಹೊರಗೆ ತಂದು ತೋರಿಸಿದಾಗ ಭಾವ ಜೇಬಿನಿಂದ ಭೂತಗನ್ನಡಿ ತೆಗೆದರು. ಮಸಿಯ ಅಡಿಯಲ್ಲಿ ಒಂದು ಎಚ್, ಸ್ವಲ್ಪ ಜಾಗ ಬಿಟ್ಟು ಒಂದು ಎಲ್ ಕಂಡವು. ತುದಿಯ ರಂಧ್ರ ದುಂಡಗಿತ್ತು. ಇನ್ನೇನು ಬೇಕು, ಇದು ಲಂಡನ್ನಿನ ಹೆಸರಾಂತ ಮನೆತನವೊಂದು ಮಾಡಿದ್ದು ಎಂದು ಭಾವ ನನ್ನ ಕಿವಿಯಲ್ಲಿ ಉಸುರಿದರು. ಅಂಕಮ್ಮ ಅದನ್ನು ಯಾರಿಗೂ ಕೊಡುವುದಿಲ್ಲ ಎಂದು ಮೊದಲೇ ಹೇಳಿದರು. ಸ್ವಲ್ಪ ದಿನದ ಮಟ್ಟಿಗೆ ಪರೀಕ್ಷೆ ಮಾಡಿ ತಂದುಕೊಡುತ್ತೇನೆ, ಇದರ ಮೂಲ ಯಾವುದು, ಮಾಡಿದವರು ಯಾರು ಎಂದು ನಿಮಗೇ ಹೇಳುತ್ತೇನೆ ಎಂದು ಭಾವ ಬೇಡಿಕೊಂಡರು. ಅಷ್ಟು ವಿನಯವನ್ನು ನಾನು ಅವರಲ್ಲಿ ಮದುವೆಯ ದಿನವೂ ಕಂಡಿರಲಿಲ್ಲ.

 ಅಂಕಮ್ಮ ಪೈಪಿನ ಕರಿಯ ಕೊಳವೆಯ ತುದಿಯನ್ನು ಭಾವನಿಗೆ ತೋರಿಸಿದರು. ಮೇಲೊಂದು ಕೆಳಗೊಂದು ತಗ್ಗು ಬಿದ್ದಿತ್ತು, ಹಲ್ಲು ಕಚ್ಚಿ ಕಚ್ಚಿ ಆದದ್ದು.

"ಇದು ಅವ್ನ ಅಲ್ಲು ಕೂರ್ತಿದ್ದ ಜಾಗ, ಸಾಮಿ. ಮಾರ್ನಮಿ ಅಮಾಸೆಗೆ ಎಡೆ ಇಕ್ತೀವಿ. ಇದ್ರಾಗೆ ಸೊಪ್ಪು ತುಂಬಿ ಮ್ಯಾಲೆ ಕೆಂಡ ಇಟ್ಟು ಬಾಗ್ಲಾಕಿ ಒರಗೆ ಬತ್ತೀವಿ. ಕತ್ಲಾಗೆ ಬರ್ತಾನೆ, ಕಣ್ ಕಾಣ್ತೈತೋ ಇಲ್ವೋ. ಬಾಯಿಗಿಟ್ರೆ ತನ್ದೇ ಅಂತ ಗುರ್ತು ಸಿಕ್ತೈತೆ. ಅವ್ನ ಬಿಟ್ಟು ಇದ್ನ ಯಾರೂ ಬಾಯಿಗಿಟ್ಟಿಲ್ಲ. ಅಮಾಸೆ ಒಳಗೆ ಎಂಗೈತೋ ಅಂಗೇ ತಂದ್ಕೊಡಿ."

ಭಾವ ಹಾಗೇ ಆಗಲಿ ಎಂದರು. ನಾನೂ ಅಲ್ಲೇ ಇದ್ದೆ, ಕೇಳಿಸಿಕೊಂಡೆ.

ಮನೆಗೆ ಬರುವ ದಾರಿಯಲ್ಲಿ ಭಾವ ಪೈಪನ್ನು ಕೈಯಲ್ಲಿ ಹಿಡಿಯಲಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕಾರಿನ ಹಿಂದೆ ಡಿಕ್ಕಿಯಲ್ಲಿ ಇಡಿಸಿದರು. ಕಂಬಳಿ ಮಾತ್ರ ತೊಡೆಯ ಮೇಲೆ. ಯಾಕೆ ಭಾವ ಎಂದು ಕೇಳಿದ್ದಕ್ಕೆ, ಇದಕ್ಕೆ ಇನ್ನೂ ಕಾಲವಾಗಿಲ್ಲ, ಇದು ಹೊಸ ಎಂಜಲು ಎಂದರು. ಸಾಹೇಬ ಕಚ್ಚಿದ್ದು ಚರಿತ್ರೆ, ಜವರಪ್ಪ ಕಚ್ಚಿದ್ದು ಕೊಳೆ. ನನಗೆ ಮೈ ಉರಿಯಿತು. ಆದರೆ ಅಕ್ಕನ ಗಂಡ, ವಯಸ್ಸಿನಲ್ಲಿ ದೊಡ್ಡವರು. ಗೇರು ಬದಲಿಸಿದೆ.

ಮರುದಿನ ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಹಿತ್ತಿಲಿನ ಒಗೆಯುವ ಕಲ್ಲಿನ ಪಕ್ಕದಲ್ಲಿ ಒಲೆ ಹೂಡಿದ್ದರು. ಹಳೆಯ ತಪ್ಪಲೆಯಲ್ಲಿ ನೀರು ಕುದಿಯುತ್ತಿತ್ತು, ಅದರಲ್ಲಿ ಉಪ್ಪು, ಅರಿಶಿನ. ಪೈಪಿನ ಕೊಳವೆ ಅದರೊಳಗೆ ಮುಳುಗಿತ್ತು. ಬಟ್ಟಲನ್ನು ಭಾವ ಹುಣಸೆಹಣ್ಣು, ಪಾತ್ರೆ ತಿಕ್ಕುವ ಪುಡಿ, ತೆಂಗಿನ ನಾರು ಹಾಕಿ ತಾವೇ ಕೂತು ತಿಕ್ಕುತ್ತಿದ್ದರು. ತಮ್ಮ ಗುಂಪಿನಲ್ಲಿ ಯಾರಾದರೂ ಪೈಪಿಗೆ ನೀರು ತಾಗಿಸಿದರೆ ಬೈದು ಓಡಿಸುವ ಮನುಷ್ಯ.

ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತು, ಆ ಅಮ್ಮ ಹೇಗಿದೆಯೋ ಹಾಗೇ ತನ್ನಿ ಎಂದಿದ್ದರಂತಲ್ಲ, ಹರಿ ಹೇಳಿದ ಎಂದಳು. ಭಾವ ತಲೆಯೆತ್ತದೆ ಉತ್ತರ ಕೊಟ್ಟರು.

"ಹೇಗಿತ್ತೋ ಹಾಗೇನೇ ಕೊಡ್ತೀನಿ ಕಮಲಿ. ಮಾಡಿದವನ ಕೈಯಿಂದ ಹೊರಗೆ ಬಂದಾಗ ಹೇಗಿತ್ತೋ, ಕರೆಕ್ಟಾ ಹಾಗೆ. ಪಾಪ, ಅವಳು ಅದನ್ನ ನೋಡೇ ಇಲ್ಲ."

ಕೊಳವೆ ಎಬೊನೈಟ್ ಎನ್ನುವ ಗಟ್ಟಿ ರಬ್ಬರಿನದು. ಎಬೊನೈಟಿಗೆ ಒಂದು ಗುಣವಿದೆ. ಬಿಸಿ ತಾಗಿದರೆ ಅದು ತನ್ನ ಮೊದಲಿನ ಆಕಾರಕ್ಕೆ ಮರಳಲು ನೋಡುತ್ತದೆ, ಬಿದ್ದ ತಗ್ಗುಗಳು ಉಬ್ಬಿ ಏಳುತ್ತವೆ. ಇದನ್ನು ನನಗೆ ಹೇಳಿಕೊಟ್ಟವರೂ ಭಾವನೇ. ಇಕ್ಕಳದಲ್ಲಿ ಹಿಡಿದು ಮೇಲೆತ್ತಿದಾಗ ಜವರಪ್ಪ ಅಷ್ಟು ವರ್ಷ ಕಚ್ಚಿದ್ದ ಎರಡು ತಗ್ಗುಗಳೂ ಇರಲಿಲ್ಲ. ಭಾವ ಅದನ್ನು ಬಿಸಿಲಿಗೆ ಹಿಡಿದು, ಹೆರಿಗೆ ಸುಸೂತ್ರವಾದ ಡಾಕ್ಟರ ಹಾಗೆ ನನ್ನ ಕಡೆ ನೋಡಿ ನಕ್ಕರು.

ಆಮೇಲೆ ಬಟ್ಟಲನ್ನು ಒರೆಸಿದರು. ಭೂತಗನ್ನಡಿ ಹಿಡಿದರು. ತಿರುಗಿಸಿದರು, ಮತ್ತೆ ತಿರುಗಿಸಿದರು. ಎಚ್ ಇರಲಿಲ್ಲ. ಎಲ್ ಇರಲಿಲ್ಲ. ಮಸಿಯ ಜೊತೆ ಅಕ್ಷರವೂ ನಾರಿಗೆ ಹತ್ತಿಕೊಂಡು ಹೋಗಿತ್ತು. ಭಾವ ನಾರನ್ನೂ ಬಿಸಿಲಿಗೆ ಹಿಡಿದು ನೋಡಿದರು. ಕೊನೆಗೆ, ಪರವಾಗಿಲ್ಲ, ಆಕಾರವೇ ಹೇಳುತ್ತದೆ, ಇದು ಲಂಡನ್ನಿನದೇ ಎಂದರು. ತೆಂಗಿನೆಣ್ಣೆ ಹಚ್ಚಿ ಉಜ್ಜಿ, ತುಳಸಿ ನೀರು ಚಿಮುಕಿಸಿ, ಬೀರುವಿನಲ್ಲಿ ಸಾಹೇಬರ ಪಕ್ಕದಲ್ಲಿ ಮಲಗಿಸಿದರು.

ಅವರಿಗೆ ಅವಸರವಿತ್ತು. ಏರ್ಕಾಡಿನ ಒಂದು ಹಳೆ ಬಂಗಲೆ ಈಗ ರೆಸಾರ್ಟ್ ಆಗಿದೆ. ಅದರ ಮ್ಯಾನೇಜರ್ ಮೋಹನ್‌ರಾಜ್ ಎನ್ನುವವನು ತೋಟದ ಸಾಹೇಬರ ನೆನಪಿನ ಸಂಜೆ ಎಂದು ಒಂದು ಕಾರ್ಯಕ್ರಮ ಇಟ್ಟುಕೊಂಡಿದ್ದ, ಭಾವನನ್ನು ಮಾತಾಡಲು ಕರೆದಿದ್ದ. ಬೆಟ್ಟದ ಮೇಲೇ ಸಿಕ್ಕ ಪೈಪು ಒಂದಿದ್ದರೆ ಚೆನ್ನ ಎಂದೂ ಹೇಳಿದ್ದ. ನಾವು ಸುತ್ತು ರಸ್ತೆ ಹತ್ತಿ ಹೋದೆವು. ಸೇಲಂನಲ್ಲಿ ಬೆವರುವ ಜನವೆಲ್ಲ ಅಲ್ಲಿ ಶಾಲು ಹೊದ್ದು ಕೂತಿದ್ದರು. ಪೈಪನ್ನು ಕೆಂಪು ಮಖಮಲ್ಲಿನ ಮೇಲೆ ಇಟ್ಟಿದ್ದರು.

ಭಾವ ಒಂದು ಗಂಟೆಗೂ ಮೇಲೆ ಮಾತಾಡಿದರು. ಲಂಡನ್ನಿನ ಆ ಮನೆತನ, ಅವರ ಕುಶಲತೆ, ಕಾಫಿ ಗಿಡಗಳ ನಡುವೆ ಈ ಪೈಪು ಹಿಡಿದು ಅಡ್ಡಾಡಿದ ಏಕಾಂಗಿ ಸಾಹೇಬ, ಅವನಿಗೆ ಊರಿನ ನೆನಪು. ಆ ಸಾಹೇಬನಿಗೆ ಕೆಮ್ಮಿತ್ತು ಎಂದೂ ಹೇಳಿದರು, ಅದು ಅವರಿಗೆ ಹೇಗೆ ಗೊತ್ತಾಯಿತೋ. ಜನ ತಲೆದೂಗಿದರು. ಜವರಪ್ಪನ ಹೆಸರು ಬರಲಿಲ್ಲ. ಮಾತು ಮುಗಿದ ಮೇಲೆ ನಾನು ಪಕ್ಕಕ್ಕೆ ಕರೆದು ಕೇಳಿದೆ. ಚರಿತ್ರೆಯಲ್ಲಿ ನಡುವೆ ಸ್ವಲ್ಪ ಕತ್ತಲೆಯ ಕಾಲ ಇರುತ್ತದೆ, ಹರಿ, ಅದನ್ನು ಹೇಳುವ ಪದ್ಧತಿ ಇಲ್ಲ ಎಂದರು. ಅಷ್ಟರಲ್ಲಿ ವಾಟ್ಸಾಪ್ ಗುಂಪಿನಲ್ಲಿ ಫೋಟೋ ನೋಡಿದ ಕೊಯಮತ್ತೂರಿನ ಡಾಕ್ಟರೊಬ್ಬರು ಇದು ಫ್ರಾನ್ಸಿನದು ಎಂದಿದ್ದರು, ಪುಣೆಯ ನಿವೃತ್ತ ಕರ್ನಲ್ ಇಟಲಿಯದು ಎಂದಿದ್ದರು, ಇನ್ನೊಬ್ಬ ಇಷ್ಟು ಹೊಳಪಿದ್ದರೆ ಇದು ಹೊಸದೇ ಎಂದಿದ್ದ. ಭಾವ ಆ ಮೂರನೆಯವನ ಜೊತೆ ವಾರಗಟ್ಟಲೆ ಜಗಳವಾಡಿದರು. ಹೀಗೆ ದಿನ ಕಳೆದು, ಮುಂದಿನ ತಿಂಗಳು ಪುರಟ್ಟಾಸಿ ಬಂದು, ಅಮಾವಾಸ್ಯೆ ಬಾಗಿಲಿಗೆ ಬಂತು. ನಾಳೆ ಅಮಾವಾಸ್ಯೆ ಎಂದು ಅಕ್ಕ ಅವರನ್ನು ಎಬ್ಬಿಸಿ ಕಾರಿಗೆ ಕೂರಿಸಿದಳು.

ಅಂಕಮ್ಮನ ಮನೆಗೆ ಸುಣ್ಣ ಬಳಿದಿದ್ದರು. ಅಂಗಳ ಸಾರಿಸಿತ್ತು. ನಮ್ಮನ್ನು ಕಂಡು ಅಂಕಮ್ಮನ ಮುಖ ಅರಳಿದ್ದನ್ನು ನಾನು ಮರೆಯಲಾರೆ. ಬರುತ್ತೀರೋ ಇಲ್ಲವೋ ಎಂದು ಭಯವಾಗಿತ್ತು ಎಂದರು. ಸೀರೆಯ ಸೆರಗಿಗೆ ಕೈ ಒರೆಸಿಕೊಂಡು ಎರಡೂ ಕೈ ಚಾಚಿದರು.

ಭಾವ ಹೊಸ ಬಟ್ಟೆಯಲ್ಲಿ ಸುತ್ತಿದ್ದ ಪೈಪನ್ನು ಬಿಚ್ಚಿ ಕೊಟ್ಟರು. ಎಷ್ಟು ಚೆನ್ನಾಗಿದೆ ಎನ್ನುವ ಮಾತಿಗೆ ಕಾಯುತ್ತ ನಿಂತರು. ಅಂಕಮ್ಮ ಹೊಳಪನ್ನು ನೋಡಲಿಲ್ಲ. ಹೆಬ್ಬೆರಳನ್ನು ನೇರವಾಗಿ ಕೊಳವೆಯ ತುದಿಗೆ ತಂದು ಸವರಿದರು. ಇನ್ನೊಂದು ಸಲ ಸವರಿದರು. ಮಗುಚಿ ಕೆಳಗೆ ಸವರಿದರು. ಮೂಗಿನ ಹತ್ತಿರ ಹಿಡಿದರು. ಆಮೇಲೆ ಪೈಪನ್ನು ಜಗಲಿಯ ಮೇಲೆ ಮೆಲ್ಲಗೆ ಇಟ್ಟರು.

"ಇದು ಅವ್ನ್ದಲ್ಲ. ಬ್ಯಾರೇದು ತಂದಿದೀರ, ಸಾಮಿ. ಅವ್ನ್ದು ಕೊಡಿ."

 ಭಾವ ಸುಳ್ಳು ಸಾಮಾನಿಗೆ ಒಮ್ಮೆಯೂ ಮುದ್ರೆ ಒತ್ತದ ಮನುಷ್ಯ, ಆ ಮಾತು ನಿಜ. ಅಲ್ಲಿಯವರೆಗೆ ಅವರನ್ನು ಯಾರೂ ಕಳ್ಳನೆಂದಿರಲಿಲ್ಲ. ಅವರು ವಿವರಿಸತೊಡಗಿದರು. ಬಟ್ಟಲಿನ ಮರದ ಗೆರೆ ತೋರಿಸಿದರು, ರಂಧ್ರ ತೋರಿಸಿದರು, ಎಬೊನೈಟಿನ ಗುಣ ಹೇಳಿದರು. ಫೋನಿನಲ್ಲಿ ಮೊದಲಿನ ಫೋಟೋ ತೆಗೆದು ಎರಡನ್ನೂ ಪಕ್ಕಪಕ್ಕದಲ್ಲಿ ಹಿಡಿದರು. ಒಂದರಲ್ಲಿ ಕರಿಮಸಿಯ ಮುದ್ದೆ, ಇನ್ನೊಂದು ಅಂಗಡಿಯಿಂದ ಬಂದಂತಿತ್ತು. ದೂರದ ಯಾರದೋ ಪೈಪು ನೋಡಿ ಮಾಡಿದವನ ಅಜ್ಜನ ಹೆಸರು ಹೇಳುವವರಿಗೆ, ತಾವೇ ಒಯ್ದ ಪೈಪನ್ನು ಅದೇ ಎಂದು ಅದರ ಒಡತಿಗೆ ತೋರಿಸಲು ಆಗಲಿಲ್ಲ.

ಪ್ರಭು ಬಂದು ಎತ್ತಿ ನೋಡಿದ. "ಅದೇದಾನ್ ಮ್ಮಾ, ಕಳುವಿಟ್ಟಾಂಗ" ಎಂದ. ಅದೇ, ತೊಳೆದುಬಿಟ್ಟಿದ್ದಾರೆ ಅಷ್ಟೇ ಎಂದು. ಅಂಕಮ್ಮ ಅವನ ಕಡೆ ನೋಡಲಿಲ್ಲ. ಅವರು ಜಗಳವಾಡುತ್ತಿರಲಿಲ್ಲ. ಅಳುತ್ತಲೂ ಇರಲಿಲ್ಲ. ನಾಳೆ ರಾತ್ರಿ ಬರುವವನಿಗೆ ಏನು ಹೇಳಲಿ ಎಂದು ನಮ್ಮನ್ನೇ ಕೇಳಿದರು.

ಆಗ ಭಾವ ಮಾಡಿದ್ದನ್ನು ನಾನು ಕಣ್ಣಾರೆ ಕಂಡಿರದಿದ್ದರೆ ನಂಬುತ್ತಿರಲಿಲ್ಲ. ಪೈಪನ್ನು ಎತ್ತಿಕೊಂಡು, ನೋಡಿಮ್ಮಾ, ಇಲ್ಲೇ ಇತ್ತು, ಈ ಜಾಗದಲ್ಲೇ, ಹೀಗೇ ಎನ್ನುತ್ತ ತಮ್ಮ ಬಾಯಿಗಿಟ್ಟು ಕಚಕ್ಕನೆ ಕಚ್ಚಿದರು. ಹೊರಗೆ ತೆಗೆದಾಗ ಕೊಳವೆಯ ಮೇಲೆ ಅವರ ಹಲ್ಲಿನ ಗುರುತು ತೆಳ್ಳಗೆ ಮೂಡಿತ್ತು, ತುದಿ ಒದ್ದೆಯಾಗಿತ್ತು. ಅದನ್ನು ಅಂಕಮ್ಮನ ಕಡೆ ಚಾಚಿದರು.

ಅಂಕಮ್ಮ ಹಿಂದಕ್ಕೆ ಸರಿದರು.

"ನೀವೇ ಇಟ್ಕೊಳಿ. ಇನ್ನೊಬ್ರ ಎಂಜಲ್ನ ನಮ್ ಇರೀಕ್ರಿಗೆ ಇಕ್ಕಾಕಿಲ್ಲ."

ಕೋಪವಿಲ್ಲದೆ ಹೇಳಿದರು, ಮನೆಯ ಪದ್ಧತಿ ಗೊತ್ತಿಲ್ಲದವರಿಗೆ ಹೇಳುವ ಹಾಗೆ. ಆಮೇಲೆ ಮಗನನ್ನು ಕರೆದು ಪಾಪಿರೆಡ್ಡಿಪಟ್ಟಿಗೆ ಹೋಗಿ ಒಂದು ಕಟ್ಟು ಬೀಡಿ ತಾ ಎಂದರು. ಒಳಗೆ ಗೂಡಿನ ಮುಂದೆ ನಿಂತು ಫೋಟೋದ ಕಡೆ, ಈ ವರ್ಷ ಬೀಡಿ ಸೇದು, ಸಿಟ್ಟಾಗಬೇಡ ಎಂದು ಹೇಳುತ್ತಿದ್ದದ್ದು ನಮಗೂ ಕೇಳಿಸಿತು.  ನನಗೆ ನಾಚಿಕೆಯಾಯಿತು, ಭಾವನ ಪಾಲಿನದೂ ಸೇರಿ.

ಕಾರು ಮಂಜವಾಡಿ ಕಣಿವೆ ಹತ್ತಿತು. ಪೈಪು ಭಾವನ ಕೈಯಲ್ಲೇ ಇತ್ತು. ಅವರಿಗೆ ಅದು ಬೇಕಾಗಿತ್ತು, ಸಿಕ್ಕಿತ್ತು. ನಾನು ಅವರ ಮುಖ ನೋಡಿದೆ. ತುಟಿಗಳನ್ನು ಒಂದಕ್ಕೊಂದು ತಾಗದ ಹಾಗೆ ಸ್ವಲ್ಪ ತೆರೆದಿಟ್ಟುಕೊಂಡಿದ್ದರು. ಪಶ್ಚಾತ್ತಾಪದಿಂದ ಉಸಿರು ಕಟ್ಟಿದೆಯೇನೋ ಎಂದುಕೊಂಡು ನನ್ನ ಮನಸ್ಸು ಒಂದು ಕ್ಷಣ ಕರಗಿತು.

"ಹರಿ, ನೀರಿದೆಯಾ? ಬಾಯಿ ಮುಕ್ಕಳಿಸ್ಬೇಕು. ಎಷ್ಟು ಕುದಿಸಿದ್ರೂ ಅವನ ಎಂಜಲು ಅಲ್ವಾ. ನಾಳೆ ತರ್ಪಣ ಬೇರೆ ಕೊಡ್ಬೇಕು."

ನನ್ನ ಸೀಟಿನ ಪಕ್ಕದಲ್ಲಿ ತುಂಬಿದ ಬಾಟಲಿ ಇತ್ತು.

"ಇಲ್ಲ ಭಾವ" ಎಂದೆ.

ಮುಂದೆ ಎಲ್ಲಾದರೂ ಅಂಗಡಿ ಕಂಡರೆ ನಿಲ್ಲಿಸು ಎಂದರು. ದಾರಿಯುದ್ದಕ್ಕೂ ಅಂಗಡಿಗಳಿದ್ದವು. ನಾನು ಸೇಲಂವರೆಗೆ ಎಲ್ಲಿಯೂ ನಿಲ್ಲಿಸಲಿಲ್ಲ.